ಏಳನೇ ಸೀಟಿನ ಫೈಲುಗಳು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಅವಳು ಬರೆದ ಒಂದು ಪುಟ್ಟ ಪ್ರೋಗ್ರಾಮಿನಿಂದ.

ಟೈರ್ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ಆಂಬುಲೆನ್ಸ್ ಕಂಟ್ರೋಲ್ ರೂಮ್. ಒಂಬತ್ತು ಸೀಟು, ಒಂಬತ್ತು ಫೋನು. ಬಂದ ಪ್ರತಿಯೊಂದು ಕರೆಯೂ ರೆಕಾರ್ಡ್ ಆಗಿ ಒಂದೊಂದು ಫೈಲಾಗಿ ಕಂಪ್ಯೂಟರಿನಲ್ಲಿ ಕೂರುತ್ತಿತ್ತು. ಫೈಲಿನ ಹೆಸರಿನಲ್ಲಿ ತಾರೀಖು, ಗಂಟೆ, ಸೀಟಿನ ನಂಬರು. ಅವಳ ಕೆಲಸ ದಿನಕ್ಕೆ ಹನ್ನೆರಡು ಕರೆ ಕೇಳಿ, ಫೋನು ಎತ್ತಿದವರು ಸರಿಯಾಗಿ ಮಾತಾಡಿದರೇ, ವಿಳಾಸ ಸರಿಯಾಗಿ ಕೇಳಿದರೇ, ಹೇಳಬೇಕಾದ್ದನ್ನು ಹೇಳಿದರೇ ಎಂದು ನೋಡಿ ವರದಿ ಬರೆಯುವುದು.

ಮೊದಲು ಆ ಹನ್ನೆರಡನ್ನು ಆರಿಸುತ್ತಿದ್ದವನು ಮೇಲ್ವಿಚಾರಕ. ತನಗೆ ಆಗದವರ ಕೆಟ್ಟ ಕರೆಗಳನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿ ತಂದು ಅವಳ ಮುಂದಿಡುತ್ತಿದ್ದ. ಮೂರನೇ ಸೀಟಿನ ಹುಡುಗಿಯೊಬ್ಬಳು ರಜೆಯ ವಿಷಯಕ್ಕೆ ಅವನಿಗೆ ಎದುರಾಡಿದ್ದೇ ತಡ, ವಾರವಿಡೀ ಬರೀ ಅವಳ ಕರೆಗಳೇ ಬಂದವು. ಚೀಟಿಯಕ್ಕನಿಗೆ ಆಗಲೇ ಅಸಹ್ಯ ಶುರುವಾಗಿತ್ತು. ಒಂದು ಪುಸ್ತಕ ತಂದು ಎರಡು ತಿಂಗಳು ಒದ್ದಾಡಿ, ಹದಿನಾಲ್ಕು ಸಾಲಿನ ಪ್ರೋಗ್ರಾಮ್ ಬರೆದಳು. ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ‘ಚೀಟಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಸಾವಿರಾರು ಫೈಲುಗಳ ಮಧ್ಯೆ ಯಾವುದೋ ಒಂದನ್ನು ಎತ್ತಿ ತಾನೇ ತೆರೆದು ಕೇಳಿಸುತ್ತಿತ್ತು. ಇಂಥದ್ದೇ ಬರಲಿ ಎನ್ನುವ ಹಾಗಿಲ್ಲ, ಇಂಥದ್ದು ಬೇಡ ಎನ್ನುವ ಹಾಗೂ ಇಲ್ಲ.

ಮೇಲಧಿಕಾರಿಗೆ ಅದು ಹಿಡಿಸಿತು. ಹುಡುಗಿಯರು ನಿಟ್ಟುಸಿರು ಬಿಟ್ಟರು. ಮೇಲ್ವಿಚಾರಕನೂ ಎಲ್ಲರ ಮುಂದೆ ಹೊಗಳಿದ. ಅವಳ ಅಮ್ಮ ಮಾತ್ರ, “ನಿನ್ನನ್ನ ಹೊಗಳ್ದ ಅಂದ್ರೆ ಅವನು ಎಲ್ಲೋ ಬೇರೆ ಬಾಗಿಲು ನೋಡ್ಕೊಂಡಿದಾನೆ ಬಿಡು” ಎಂದಳು. ಅಮ್ಮನಿಗೆ ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆಯಿಲ್ಲ ಎಂದು ಮಗಳು ನಕ್ಕಳು.

ಏಳನೇ ಸೀಟಿನಲ್ಲಿದ್ದವನು ಮೇಲ್ವಿಚಾರಕನ ಹೆಂಡತಿಯ ತಮ್ಮ. ಅವನು ಕಡಲೆಕಾಯಿ ಜಗಿಯುತ್ತಲೇ ಮಾತಾಡುತ್ತಿದ್ದ. ಹೆಡ್‌ಫೋನ್ ಹಾಕಿಕೊಂಡು ಕೇಳುವವಳಿಗೆ ಅವನ ಬಾಯೊಳಗೇ ಕೂತಂತೆ ಎಲ್ಲ ಕೇಳುತ್ತಿತ್ತು: ಹಲ್ಲಿನ ಸಂದಿಯಿಂದ ಚೂರನ್ನು ನಾಲಗೆಯಲ್ಲಿ ಕೀಳುವುದು, ಎಂಜಲು ಎಳೆದುಕೊಳ್ಳುವುದು, ನುಂಗುವ ಗುಟುಕು. ಆ ಕಡೆ ಯಾರೋ ಅಪ್ಪನಿಗೆ ಉಸಿರಾಡಲಾಗುತ್ತಿಲ್ಲ ಎಂದು ಅಳುತ್ತಿದ್ದರೆ ಈ ಕಡೆ ಕಚಪಚ. ಅವನ ಕರೆ ಕೇಳಿದ ದಿನ ಅವಳಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ವರದಿಯಲ್ಲಿ ನಾಲ್ಕು ಸಲ ಬರೆದಿದ್ದಳು. ನಾಲ್ಕು ಸಲವೂ ‘ತಿಳಿಹೇಳಲಾಗಿದೆ’ ಎಂಬ ಷರಾ ಬಂದಿತ್ತು.

ಆ ವರ್ಷ ಅಮ್ಮ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಚೀಟಿಯಕ್ಕ ಹದಿನೆಂಟು ದಿನ ರಜೆ ಹಾಕಿದಳು. ವಾಪಸು ಬಂದ ಮೇಲೆ ಎಲ್ಲ ಮೊದಲಿನಂತೆಯೇ ನಡೆಯಿತು. ಒಂದೇ ವ್ಯತ್ಯಾಸ, ಕಚಪಚ ಕೇಳಿಸಲಿಲ್ಲ. ಅದು ಅವಳ ಗಮನಕ್ಕೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂದಿತ್ತು. ಸದ್ಯ, ಬದುಕಿದೆ ಎಂದುಕೊಂಡಿದ್ದಳು. ದಿನಾ ಬೆಳಿಗ್ಗೆ ಮೆಟ್ಟಿಲಿನಲ್ಲಿ ಅವನು ಎದುರಾಗುತ್ತಿದ್ದ, ಜೇಬು ಉಬ್ಬಿರುತ್ತಿತ್ತು. ಆದರೂ ಅವನ ಕರೆ ಯಾಕೆ ಬರುತ್ತಿಲ್ಲ ಎಂದು ಅವಳು ಯೋಚಿಸಲಿಲ್ಲ. ಊಟ ಸೇರುತ್ತಿತ್ತಲ್ಲ, ಅಷ್ಟು ಸಾಕಿತ್ತು.

ಹೀಗೆ ನಾಲ್ಕು ತಿಂಗಳು ಹೋಯಿತು. ಒಂದು ಮಂಗಳವಾರ ಟೈಲರ್ ಹೆಂಗಸೊಬ್ಬಳು ಕಚೇರಿಗೆ ಬಂದಳು. ಕೊರಳಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಳು. ಗಂಡ ಮನೆಯ ತಗಡು ಸರಿಮಾಡಲು ಹತ್ತಿ ಏಣಿಯಿಂದ ಬಿದ್ದಿದ್ದ. ಅವಳು ಫೋನು ಮಾಡಿದಾಗ, ಗಲ್ಲಿ ಕಿರಿದು, ಗಾಡಿ ಒಳಗೆ ಬರುವುದಿಲ್ಲ, ಎತ್ತಿಕೊಂಡು ಮುಖ್ಯ ರಸ್ತೆಗೆ ತನ್ನಿ ಎಂದಿದ್ದರಂತೆ. ಅಕ್ಕಪಕ್ಕದವರು ಕೈಕಾಲು ಹಿಡಿದು ಎತ್ತಿಕೊಂಡು ಹೋದರು. ಈಗ ಸೊಂಟದ ಕೆಳಗೆ ಅವನಿಗೆ ಸ್ವಾಧೀನವಿಲ್ಲ. ಹಾಗೆ ಎತ್ತಲೇಬಾರದಿತ್ತು, ಯಾರು ಹೇಳಿದ್ದು ನಿಮಗೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಬೈದಿದ್ದರು. ಎರಡೂವರೆ ತಿಂಗಳು ಆಸ್ಪತ್ರೆಯಲ್ಲೇ ಕಳೆದು, ಈಗ ಅದನ್ನೇ ಕೇಳಲು ಬಂದಿದ್ದಳು: ಯಾರು ಹೇಳಿದ್ದು?

ಮೇಲ್ವಿಚಾರಕ ಕುರ್ಚಿ ಕೊಟ್ಟು ಕೂರಿಸಿದ, ನೀರು ತರಿಸಿದ. ಅಷ್ಟು ಹಳೆಯ ರೆಕಾರ್ಡು ಈಗ ಇರುವುದಿಲ್ಲ ಎಂದ. ಅದು ಸುಳ್ಳು, ಮೂರು ತಿಂಗಳವರೆಗೆ ಎಲ್ಲ ಫೈಲೂ ಇರುತ್ತಿತ್ತು. ಆಮೇಲೆ ಆ ತಿಂಗಳ ವರದಿ ತೆಗೆದು ತೋರಿಸಿದ. ಇಲ್ಲಿ ಕರೆಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ಪರೀಕ್ಷೆ ಮಾಡುತ್ತೇವೆ, ಯಾರ ಕೈವಾಡವೂ ನಡೆಯುವುದಿಲ್ಲ, ನೋಡಿ, ಆ ತಿಂಗಳು ಒಂದೇ ಒಂದು ಲೋಪವೂ ಸಿಕ್ಕಿಲ್ಲ, ಪರೀಕ್ಷೆ ಮಾಡಿದವರ ಸಹಿಯೂ ಇದೆ ಎಂದ.

ಪಕ್ಕದ ಮೇಜಿನಲ್ಲಿದ್ದ ಚೀಟಿಯಕ್ಕನಿಗೆ ಎಲ್ಲ ಕೇಳುತ್ತಿತ್ತು. ಟೈಲರ್ ಹೆಂಗಸು ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು.

“ನಂಗೆ ಹೆಸರು ಗೊತ್ತಿಲ್ಲ ಸಾರ್,” ಎಂದಳು. “ಆದ್ರೆ ಅವ್ರು ಬಾಯಲ್ಲಿ ಏನೋ ಇಟ್ಕೊಂಡು ಅಗೀತಾ ಇದ್ರು. ಅದು ಇನ್ನೂ ಕಿವೀಲಿ ಇದೆ.”

ಚೀಟಿಯಕ್ಕ ಏಳನೇ ಸೀಟಿನ ಕಡೆ ತಿರುಗಿ ನೋಡಿದಳು.

ಆ ಹೆಂಗಸು ಹೋದ ಮೇಲೆ ಅವಳು ತನ್ನ ಪ್ರೋಗ್ರಾಮನ್ನು ತೆರೆದು ಸಾಲುಗಳನ್ನು ಎಣಿಸಿದಳು. ಹದಿನಾಲ್ಕು ಇರಬೇಕಾದಲ್ಲಿ ಹದಿನೇಳು ಇದ್ದವು. ಹೆಚ್ಚಿನ ಮೂರನ್ನು ಓದಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ: ಫೈಲಿನ ಹೆಸರಿನಲ್ಲಿ ಏಳನೇ ಸೀಟು ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗು, ಮೂರನೇ ಸೀಟು ಇದ್ದರೆ ಅದನ್ನು ಎರಡು ಸಲ ಸೇರಿಸು. ಅವಳ ರಜೆಯ ಹನ್ನೊಂದನೇ ದಿನ ಸೇರಿಸಿದ್ದು. ಕಂಪ್ಯೂಟರ್ ರಿಪೇರಿಯವನನ್ನು ಹಿಡಿದು ಕೇಳಿದಾಗ ಅವನು ಮುಚ್ಚಿಡಲೂ ಇಲ್ಲ. ಸಾರ್ ಹೇಳಿದರು, ಮಾಡಿದೆ, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಎಂದ.

ಅವಳು ಏಳನೇ ಸೀಟಿನ ಫೈಲುಗಳನ್ನೆಲ್ಲ ಬೇರೆ ಮಾಡಿ, ಟೈಲರ್ ಹೆಂಗಸಿನ ಕರೆ ಹುಡುಕಿ ತೆಗೆದಳು. ಎರಡು ನಿಮಿಷ ಐವತ್ತು ಸೆಕೆಂಡು. ಕಚಪಚ. ವಿಳಾಸ ಎರಡು ಸಲ ತಪ್ಪಾಗಿ ಬರೆದುಕೊಂಡ. ಎತ್ತಿಕೊಂಡು ಬನ್ನಿ ಎಂದ. ಕೊನೆಗೆ ಫೋನು ಇಡುವುದನ್ನೂ ಮರೆತು ಪಕ್ಕದವರಿಗೆ, “ದಿನಾ ಒಬ್ರು ಬೀಳ್ತಾರಪ್ಪ, ಇವ್ರಿಗೆ ಮನೆ ಮೇಲೆ ಹತ್ತೋ ಚಟ” ಎಂದ. ಒಬ್ಬರು ನಕ್ಕರು. ಆ ನಗುವಿನ ದನಿ ಅವಳಿಗೆ ಪರಿಚಯದ್ದು, ಮೇಲ್ವಿಚಾರಕನದು. ಅಂದರೆ ಆ ಹೊತ್ತಿನಲ್ಲಿ ಅವನು ಅಲ್ಲೇ ನಿಂತಿದ್ದ.

ಅವಳು ಎದ್ದು ಹೋಗಿ ಬಚ್ಚಲಿನಲ್ಲಿ ವಾಂತಿ ಮಾಡಿದಳು. ಬಾಯಿ ತೊಳೆದುಕೊಂಡು ಕನ್ನಡಿ ನೋಡಿದಾಗ ತನ್ನ ಮುಖವೂ ಅವಳಿಗೆ ಸಹಿಸಲಾಗಲಿಲ್ಲ. ತನ್ನ ಕಿವಿ ಮುಚ್ಚಿದವನು ಮೇಲ್ವಿಚಾರಕ, ನಿಜ. ಮುಚ್ಚಿದ ಕಿವಿಯಿಂದ ನಾಲ್ಕು ತಿಂಗಳು ಸುಖವಾಗಿ ಉಂಡವಳು ತಾನು.

ಅದೇ ಸಂಜೆ ಅವನ ಕೋಣೆಗೆ ಹೋಗಿ ಕೇಳಿದಳು. ಅವನು ಕದ ಹಾಕಿಕೊಂಡು ಬಂದು ಮೆತ್ತಗೆ ಮಾತಾಡಿದ. ಹುಡುಗನಿಗೆ ಈಗಷ್ಟೇ ಮದುವೆಯಾಗಿದೆ ಎಂದ. ಬಿದ್ದಾಗಲೇ ಬೆನ್ನು ಮುರಿದಿತ್ತೋ ಎತ್ತಿದ ಮೇಲೆ ಮುರಿಯಿತೋ ಹೇಳಲು ದೇವರೇ ಬರಬೇಕು ಎಂದ. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ:

“ನಿನಗೂ ಅವನ ಕರೆ ಕೇಳಕ್ಕೆ ಅಸಹ್ಯ ಅಂತಿದ್ದೆ ಅಲ್ವಾ ತಾಯಿ? ನಿನಗೂ ಒಳ್ಳೇದೇ ಮಾಡಿದೀನಿ.”

ಆ ಕೈಯ ಬಿಸಿ ರವಿಕೆಯ ಬಟ್ಟೆಯ ಮೂಲಕ ತಾಗಿತು. ಗೋಡೆಯಿಂದ ಹಲ್ಲಿ ಮೈಮೇಲೆ ಬಿದ್ದಾಗ ಆಗುವಂಥ ಮುದುಡಿಕೆ ಅವಳ ಮೈಯಲ್ಲಾಯಿತು. ಹಿಂದೆ ಸರಿದು ಹೊರಗೆ ಬಂದಳು. ಆ ಫೈಲು ಅಳಿಸಿಹೋಗಲು ಇನ್ನು ಹನ್ನೆರಡೇ ದಿನ ಇತ್ತು. ಮನೆಗೆ ಹೋಗುವ ಮೊದಲು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು. ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ನಿಯಮವನ್ನು ಬರೆಯುವಾಗ ಅವಳೂ ಕೂತಿದ್ದಳು.

ಶುಕ್ರವಾರ ತಿಂಗಳ ಸಭೆ. ಮೇಲಧಿಕಾರಿ ಬಂದಿದ್ದರು. ಉದ್ದನೆಯ ಮೇಜು, ಚಹಾ, ತಟ್ಟೆಗಳಲ್ಲಿ ಬಿಸ್ಕತ್ತು. ಅವಳು ಎದ್ದು ನಿಂತು, ವರದಿ ಓದುವ ಬದಲು ಚೀಟಿಯನ್ನು ಎಲ್ಲರ ಮುಂದೆ ಎತ್ತಿ ತೋರಿಸುತ್ತೇನೆ ಎಂದಳು. ಮೂರು ಕಳ್ಳ ಸಾಲುಗಳನ್ನು ಬೆಳಿಗ್ಗೆಯೇ ತೆಗೆದುಹಾಕಿದ್ದಳು. ಏಳನೇ ಸೀಟಿನ ಹೆಚ್ಚುಕಮ್ಮಿ ಎಲ್ಲ ಕರೆಯೂ ಒಂದೇ ಥರ. ಯಾವುದು ಬಂದರೂ ಸಾಕು, ತಾನೇ ಹುಡುಕಿ ತೆಗೆದಳು ಎಂಬ ಮಾತು ಬರಬಾರದು ಎಂಬ ಹಟ ಅವಳದು.

ಮೊದಲ ಚೀಟಿ. ಎರಡನೇ ಸೀಟು, ಹೆರಿಗೆ ನೋವಿನ ಕರೆ. ಅಚ್ಚುಕಟ್ಟಾಗಿ ಮಾತಾಡಿದ್ದರು. ಎರಡನೆಯದು ಐದನೇ ಸೀಟು, ರಾಂಗ್ ನಂಬರ್. ಮೂರನೆಯದು ಮತ್ತೆ ಎರಡನೇ ಸೀಟು. ನಾಲ್ಕು, ಐದು, ಆರು. ಚೀಟಿಗೆ ಅವಳ ಕಷ್ಟ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗಬಾರದೆಂದೇ ಅಲ್ಲವೇ ಅವಳು ಅದನ್ನು ಬರೆದದ್ದು. ಮೇಲಧಿಕಾರಿ ಗಡಿಯಾರ ನೋಡಿಕೊಂಡರು. ತುಂಬ ಚೆನ್ನಾಗಿ ನಡೆಸುತ್ತಿದ್ದೀರಿ ಎಂದು ಮೇಲ್ವಿಚಾರಕನಿಗೆ ಹೇಳಿದರು. ಅವನು ಅವಳ ಕಡೆ ನೋಡಿ ನಕ್ಕ, ಮದುವೆಮನೆಯಲ್ಲಿ ಬೀಗರನ್ನು ನೋಡಿ ನಗುವ ಹಾಗೆ.

ಅವಳು ಏಳನೆಯ ಚೀಟಿ ಎತ್ತಲಿಲ್ಲ. ಕಪ್ಪು ಪರದೆಯ ಮೇಲೆ ತಾರೀಖು, ಗಂಟೆ, ಸೀಟಿನ ನಂಬರನ್ನು ಒಂದೊಂದೇ ಅಕ್ಷರವಾಗಿ ತಾನೇ ಟೈಪ್ ಮಾಡತೊಡಗಿದಳು.

ಮೇಲ್ವಿಚಾರಕ ಅರ್ಧ ಎದ್ದ. “ಸಾರ್, ಇದು ಚೀಟಿ ಅಲ್ಲ. ಇವ್ರೇ ಹುಡುಕಿ ಆರ್‌ಸಿರೋದು.”

“ಹೌದು ಸಾರ್,” ಎಂದಳು ಅವಳು. “ಇದನ್ನ ನಾನೇ ಆರಿಸಿದ್ದು.”

ಎಂಟರ್ ಒತ್ತಿದಳು.

ಸ್ಪೀಕರಿನಿಂದ ಕಚಪಚ ಕೋಣೆಯ ತುಂಬ ಹರಡಿತು. ಬಿಸ್ಕತ್ತು ಬಾಯಿಗಿಟ್ಟುಕೊಂಡಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಒಬ್ಬರು ಕರವಸ್ತ್ರಕ್ಕೆ ಉಗುಳಿದರು. ಹೆಂಗಸಿನ ದನಿ, ಮತ್ತೆ ಎಂಜಲೆಳೆಯುವ ಸದ್ದು, ಎತ್ತಿಕೊಂಡು ಬನ್ನಿ ಎನ್ನುವುದು, ಮನೆ ಮೇಲೆ ಹತ್ತುವ ಚಟ, ಆ ನಗು. ಮೇಲಧಿಕಾರಿ ಮುಖ ಕಿವುಚಿಕೊಂಡು, “ಸೌಂಡ್ ಸ್ವಲ್ಪ ಕಮ್ಮಿ ಮಾಡಿ” ಎಂದರು. ಅವಳು ಮಾಡಲಿಲ್ಲ. ಪೂರ್ತಿ ಮುಗಿದ ಮೇಲೆ ಆ ಮೂರು ಸಾಲುಗಳ ಪ್ರಿಂಟನ್ನು ಅವರ ಮುಂದಿಟ್ಟು, ಅದು ಸೇರಿದ ದಿನವನ್ನೂ, ಸೇರಿಸಿದವನು ಯಾರು, ಸೇರಿಸಲು ಹೇಳಿದವರು ಯಾರು ಎಂಬುದನ್ನೂ ಹೇಳಿದಳು.

ಮೇಲಧಿಕಾರಿ ಬಹಳ ಬೇಸರಪಟ್ಟುಕೊಂಡರು. ಆಮೇಲೆ, ಇದು ಮನೆಯ ವಿಷಯ, ಮನೆಯೊಳಗೇ ಸರಿಮಾಡಿಕೊಳ್ಳೋಣ, ಹೊರಗೆ ಹೋಗುವುದು ಬೇಡ ಎಂದರು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ತಟ್ಟೆ ಮುಚ್ಚಿಟ್ಟು ಊಟ ಮುಂದುವರಿಸುವ ಜನ ಎಂದುಕೊಂಡಳು ಅವಳು. ಏಳನೇ ಸೀಟಿನವನನ್ನು ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಮೇಲ್ವಿಚಾರಕನನ್ನು ಮುಖ್ಯ ಕಚೇರಿಗೆ ಕಳಿಸಿದರು. ಹೊಸಬರಿಗೆ ಫೋನಿನಲ್ಲಿ ಮಾತಾಡುವುದನ್ನು ಕಲಿಸಲು. ಆ ಆದೇಶವನ್ನು ಅವಳು ಎರಡು ಸಲ ಓದಿದಳು, ಮೊದಲ ಸಲ ನಂಬಿಕೆ ಬರಲಿಲ್ಲ.

ಆದೇಶ ಬಂದ ಮರುದಿನ ಭಾನುವಾರ. ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ, ಪೆನ್‌ಡ್ರೈವನ್ನೂ ಒಂದು ಕಾಗದವನ್ನೂ ಚೀಲಕ್ಕೆ ಹಾಕಿಕೊಂಡು ಟೈಲರ್ ಹೆಂಗಸಿನ ಮನೆ ಹುಡುಕಿಕೊಂಡು ಹೋದಳು. ಗಲ್ಲಿ ನಿಜಕ್ಕೂ ಕಿರಿದಾಗಿತ್ತು. ಆದರೆ ಸ್ಟ್ರೆಚರ್ ಹಿಡಿದ ಇಬ್ಬರು ಆರಾಮವಾಗಿ ಬರಬಹುದಿತ್ತು. ಅವಳು ನಿಂತು ಕೈ ಚಾಚಿ ನೋಡಿದಳು.

ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಸಹಿ ತನ್ನದು ಎಂದೂ ಹೇಳಿದಳು. ಟೈಲರ್ ಹೆಂಗಸು ಒಳಗೆ ಕರೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಪಕ್ಕದ ಮನೆಯಿಂದ ಲ್ಯಾಪ್‌ಟಾಪ್ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು. ಕರೆ ಮುಗಿಯುವವರೆಗೂ ಅಲುಗಾಡಲಿಲ್ಲ.

“ನಾನು ಇಷ್ಟು ಮೆತ್ತಗೆ ಮಾತಾಡಿದ್ನಾ?” ಎಂದಳು. “ಕಿರುಚಿದೆ ಅಂದ್ಕೊಂಡಿದ್ದೆ.”

ಒಳಕೋಣೆಯ ಮಂಚದಿಂದ ಅವಳ ಗಂಡ, ತನಗೂ ಕೇಳಿಸಬೇಕು ಎಂದ. ಬೇಡ ಎಂದಳು. ಅವನು ಬಿಡಲಿಲ್ಲ. ಲ್ಯಾಪ್‌ಟಾಪನ್ನು ಅವನ ಎದೆಯ ಹತ್ತಿರ ಹಿಡಿದರು. ಎರಡನೇ ನಿಮಿಷದಲ್ಲಿ, ಹೆಂಡತಿಯ ಮಾತಿನ ಹಿಂದೆ, ದೂರದಲ್ಲಿ, ಒಂದು ಗಂಡಸಿನ ನರಳುವ ದನಿ ಇತ್ತು. ಚೀಟಿಯಕ್ಕ ಮೂರು ಸಲ ಕೇಳಿದ್ದರೂ ಆ ಕಚಪಚದ ಅಡಿಯಲ್ಲಿ ಅದು ಅವಳ ಕಿವಿಗೆ ಬಿದ್ದಿರಲಿಲ್ಲ.

“ಅದು ನಾನು,” ಎಂದ ಅವನು. “ಎತ್ತಬೇಡಿ ಅಂತಿದೀನಿ ನೋಡು. ಹೇಳಿದ್ದೆ ಅಂದ್ರೆ ನೀವ್ಯಾರೂ ನಂಬಲಿಲ್ಲ.”

ಹೆಂಡತಿ ಅವನ ಹಾಸಿಗೆಯ ಅಂಚಿನಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಚೀಟಿಯಕ್ಕ ತಾನು ತಂದಿದ್ದ ಕಾಗದ ಕೊಟ್ಟಳು. ಆ ತಿಂಗಳ ವರದಿ ಸುಳ್ಳು, ಹೀಗೆ ಸುಳ್ಳಾಯಿತು, ಬರೆದವಳು ನಾನು ಎಂದು ಅದರಲ್ಲಿತ್ತು. ಕೋರ್ಟಿಗೆ ಬೇಕಾದರೆ ಬರುತ್ತೇನೆ ಎಂದಳು. ಟೈಲರ್ ಹೆಂಗಸು ಅದನ್ನು ಮಡಚಿ ಬಟ್ಟೆಯ ಬೀರುವಿನಲ್ಲಿಟ್ಟಳು.

“ಬರಬೇಕು,” ಎಂದಳು. “ಥ್ಯಾಂಕ್ಸ್ ಅಂತ ಮಾತ್ರ ನನ್ನ ಬಾಯಿಂದ ಬರಲ್ಲ ಅಕ್ಕ. ಬೇಜಾರು ಮಾಡ್ಕೋಬೇಡಿ.”

ಚೀಟಿಯಕ್ಕ ಬೇಜಾರು ಮಾಡಿಕೊಳ್ಳಲಿಲ್ಲ.

ರೆಕಾರ್ಡು ಹೊರಗೆ ಕೊಟ್ಟದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದರು. ಉಳಿದವರ ಮೇಲೆ ವಿಚಾರಣೆ ಇನ್ನೂ ನಡೆಯುತ್ತಿದೆ ಎಂದರು, ತೆಗೆಯುವುದು ಮಾತ್ರ ಅವಳೊಬ್ಬಳ ವಿಷಯದಲ್ಲಿ ಒಂದೇ ವಾರದಲ್ಲಿ ಮುಗಿಯಿತು. ಮೂರನೇ ಸೀಟಿನ ಹುಡುಗಿ ಕೆಳಗೆ ಟೈರ್ ಅಂಗಡಿಯವರೆಗೆ ಬಂದು ಬೀಳ್ಕೊಟ್ಟಳು. ಕೇಸು ಒಂದೂವರೆ ವರ್ಷ ಎಳೆಯಿತು. ಚೀಟಿಯಕ್ಕ ಐದು ಸಲ ಕಟಕಟೆ ಹತ್ತಿದಳು. ಎದುರು ವಕೀಲ, ನಾಲ್ಕು ತಿಂಗಳು ನಿಮಗೆ ಅನುಮಾನವೇ ಬರಲಿಲ್ಲವೇ ಎಂದು ಐದು ಸಲವೂ ಕೇಳಿದ. ಬರಬೇಕಿತ್ತು, ಬರಗೊಡಲಿಲ್ಲ ಎಂದು ಅವಳು ಐದು ಸಲವೂ ಹೇಳಿದಳು. ತಪ್ಪು ಕಚೇರಿಯದೇ ಎಂದು ತೀರ್ಪಾಯಿತು. ಮೇಲ್ವಿಚಾರಕನ ಕೆಲಸ ಅದಾದ ಮೇಲೆ ಹೋಯಿತು.

ಈಗ ಅವಳು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾಳೆ. ಕಿವಿಗೆ ಕೆಲಸವಿಲ್ಲ. ಊಟದ ಹೊತ್ತಿಗೆ ಎಲ್ಲರ ಜೊತೆ ಕೂರುವುದು ಇವತ್ತಿಗೂ ಆಗುವುದಿಲ್ಲ. ಡಬ್ಬಿ ಹಿಡಿದುಕೊಂಡು ಮಷಿನ್ನುಗಳ ಹತ್ತಿರ, ಸದ್ದು ಜೋರಾಗಿರುವಲ್ಲಿ, ಒಬ್ಬಳೇ ನಿಂತು ಉಣ್ಣುತ್ತಾಳೆ.