ಕೊಡದೆ ಇಟ್ಟುಕೊಂಡ ಬಾತುಕೋಳಿ

ಮೊಮ್ಮಕ್ಕಳೇ, ಎಪ್ಪಿಂಗ್ ಮನೆಯಲ್ಲಿ ನೀವೆಲ್ಲ ಸೇರಿದಾಗ ಹೇಳಿಕೊಂಡು ನಗುವ ಕಥೆಯಲ್ಲಿ ನಾನು ಬೇಟೆಗಾರರ ಬಾತುಕೋಳಿ ಕದ್ದೆ ಎಂದಿದೆ. ಕದ್ದಿಲ್ಲ. ಅವರು ಜಾಗ ಬಿಡುವ ತನಕ ಕೊಡಲಿಲ್ಲ, ಅಷ್ಟೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಮೆಲ್ಬರ್ನಿಗೆ, ಎಪ್ಪಿಂಗ್ ಬಡಾವಣೆಯ ನಿಮ್ಮ ಕಾಕಾನ ಮನೆಗೆ ಬಂದೆ. ಅಲ್ಲಿ ಎಲ್ಲವೂ ಮಗನದು, ಸೊಸೆಯದು. ನನ್ನದು ಅಂತ ಇದ್ದದ್ದು ಊರಾಚೆಯ ಕೆರೆಯ ದಂಡೆಯಲ್ಲೊಂದು ಬಾಗಿದ ಮರ, ಭಾನುವಾರ ಅದರ ಕೆಳಗೆ ಗಾಳ ಹಾಕಿ ಕೂರುವುದು. ಹೊಳೆದಂಡೆಯಲ್ಲಿ ಬೆಳೆದವಳಿಗೆ ಮೀನು ಹಿಡಿಯಲು ಇಂಗ್ಲಿಷ್ ಬೇಕಿಲ್ಲ.

ಅಲ್ಲಿ ವರ್ಷಕ್ಕೊಮ್ಮೆ ಕೆಲವು ವಾರ ಬಿಡುವ ಬಾತುಕೋಳಿ ಬೇಟೆ ಶುರುವಾದ ಹೊಸತು. ನಾನು, ಮಗ, ಅವನ ಮಗಳು ಮರದ ಕೆಳಗೆ ಕುಳಿತು ಎಷ್ಟೋ ಹೊತ್ತಾದ ಮೇಲೆ ಇಬ್ಬರು ಬಂದೂಕು ಹೊತ್ತು ಬಂದರು. ನಮ್ಮತ್ತ ತಿರುಗಿಯೂ ನೋಡಲಿಲ್ಲ. ನಿಜವಾದ ಬಾತುಗಳು ನಂಬಿ ಇಳಿಯಲೆಂದು ಪ್ಲಾಸ್ಟಿಕ್ ಬಾತುಗಳನ್ನು ನನ್ನ ಗಾಳದ ಸುತ್ತಲೇ ತೇಲಿಬಿಟ್ಟರು. ನಮ್ಮೂರ ಹೊಳೆಯಲ್ಲಿ ತಡವಾಗಿ ಬಂದವನು ದಂಡೆಯಲ್ಲೇ ನಿಂತು, "ಬಲೆ ಎಲ್ಲಿ ಬಿಟ್ಟೀರಿ?" ಎಂದು ಕೇಳಿ ದೂರ ಹೋಗುತ್ತಿದ್ದ. ಕೇಳದೆ ಇಳಿದವನಿಗೆ ಯಾರೂ ಬೀಡಿಗೆ ಬೆಂಕಿಯನ್ನೂ ಕೊಡುತ್ತಿರಲಿಲ್ಲ.

ದಾರ ಎಳೆದೆ. ಭಾರವಾಗಿ ಬಂತು.

"ಅಜ್ಜಿ, ದ್ಯಾಟ್ಸ್ ನಾಟ್ ಅ ಫಿಶ್!" ಎಂದು ಜೊತೆಗಿದ್ದ ನಿಮ್ಮ ತಂಗಿ ಕಿರುಚಿದಳು. ಕೊಕ್ಕೆಗೆ ಸಿಕ್ಕಿದ್ದು ಪ್ಲಾಸ್ಟಿಕ್ ಬಾತು.

ಬೇಟೆಗಾರರಲ್ಲಿ ಕಿರಿಯವನು ಕೂಗಾಡುತ್ತ ಬಂದ. ಮಗ ನನ್ನ ತೋಳು ಹಿಡಿದೆಳೆದ. "ಅವ್ವಾ, ಕೊಟ್ಟು ಏಳ. ಅವನ ಕೈಯಾಗ ಗನ್ ಐತಿ."

"ನನ್ನ ಕೈಯಾಗ ಅವನ ಬಾತು ಐತಿ. ಸುಮ್ಕ ಕುಂದ್ರ."

ನಾಲ್ಕು ಜನರೆದುರು ಬಾಯಿ ಬಿಡದವಳು ನಾನು. ಬಾತನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮೊಮ್ಮಗಳಿಗೆ ಹೇಳಿದೆ: "ಅವನ್ನ ಕೇಳು, ಮೊದಲ ಬಂದವರು ಯಾರು? ನಮ್ಮ ತಲಿ ಮ್ಯಾಲೆ ಗುಂಡು ಹಾರಸ್ತಾನೇನು? ಆಚೆ ದಂಡಿಗೆ ಹೋದರ ಕೊಡ್ತೀನಿ."

ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಕೊನೆಗೊಂದು 'ಪ್ಲೀಸ್' ಸೇರಿಸಿದಳು. ಅದು ನಾನು ಹೇಳಿದ್ದಲ್ಲ.

ಹಿರಿಯ ಬೇಟೆಗಾರ ನನ್ನ ಮಡಿಲು ನೋಡಿ ನಗು ತಡೆಯಲಾರದೆ, "ಶಿ ವಾಸ್ ಹಿಯರ್ ಫಸ್ಟ್, ಮೇಟ್" ಅಂದ. ಕಿರಿಯವನು ಗೊಣಗುತ್ತ ನೀರಿಗಿಳಿದು ಬಾತುಗಳನ್ನೆಲ್ಲ ಚೀಲಕ್ಕೆ ತುಂಬಿದ. ಹಿರಿಯವನೇ ಬಂದು ಕೈ ಚಾಚಿದಾಗ ನನ್ನಲ್ಲಿದ್ದುದನ್ನು ಕೊಟ್ಟೆ. ಅವರು ಆಚೆ ದಂಡೆಗೆ ಹೋದರು.

ಅಂದು ಒಂದು ಮೀನೂ ಬೀಳಲಿಲ್ಲ. ಮಗ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಲೇ ಇದ್ದ. ಕತ್ತಲಾಗುವ ತನಕ ನಾನು ಮರದ ಕೆಳಗಿನಿಂದ ಏಳಲಿಲ್ಲ.