ಡಾಸ್, ಯುನಿಕ್ಸ್ ಮತ್ತು ಬಾಯಮ್ಮನ ಪೆಟ್ಟಿಗೆಗಳು

ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ಬರುವ ಮೊದಲೇ ಕಂಪ್ಯೂಟರಿನ ಜಗಳ ಬಂದಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಅತ್ತಾವರದ ಆ ಆಸ್ಪತ್ರೆಯಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರು ನಾಲ್ಕು ಜನ ಇದ್ದರೆ ಹೆಚ್ಚು. ಆದರೂ ಕ್ಯಾಂಟೀನಿನಲ್ಲಿ ಗೋಳಿಬಜೆಯ ಪ್ಲೇಟು ಮೇಜಿಗೆ ಬರುವಷ್ಟರಲ್ಲಿ ಎರಡು ಪಕ್ಷ ಆಗಿರುತ್ತಿತ್ತು: ಡಾಸ್ ಪಕ್ಷ ಮತ್ತು ಯುನಿಕ್ಸ್ ಪಕ್ಷ. ಕಂಪ್ಯೂಟರಿನೊಳಗೆ ಕೂತು ಉಳಿದೆಲ್ಲ ಕೆಲಸವನ್ನು ನಡೆಸುವ ಮೂಲ ವ್ಯವಸ್ಥೆ ಯಾವುದಿರಬೇಕು ಎಂಬುದು ತಕರಾರು. ಎಕ್ಸ್-ರೇ ವಿಭಾಗ ಇಡಿಯಾಗಿ ಯುನಿಕ್ಸ್. ಔಷಧದ ಕೌಂಟರಿನವರು ಡಾಸ್. ಯಾಕೆ ಎಂದು ಕೇಳಿದರೆ, ಎಕ್ಸ್-ರೇಯವರು ಯುನಿಕ್ಸ್ ಆದ ಕಾರಣ ಎನ್ನುತ್ತಿದ್ದರು.

ನಾನು ಡಾಸ್, ಅದೂ ಕಟ್ಟಾ ಡಾಸ್. ಅಲ್ಲಿನ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನೀಷಿಯನ್ ಆಗಿದ್ದ ನಾನು ಸಂಜೆ ಹೊತ್ತು ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ. ಅಲ್ಲಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ತಂಪು ಕೋಣೆ, ಕಪ್ಪು ಪರದೆ, ಅದರ ಮೇಲೆ ಮಿನುಗುವ ಹಸಿರು ಗೆರೆ. ಮೊದಲ ದಿನ ನಾನು ಒತ್ತಿದ ಅಕ್ಷರ ಅಲ್ಲಿ ಮೂಡಿದಾಗ ಮೈ ಜುಮ್ಮೆಂದಿತು. ಪಡೀಲಿನ ಮನೆಗೆ ಬಂದು ಅದನ್ನು ಅಮ್ಮನಿಗೆ ವಿವರಿಸುವಾಗ ಕಣ್ಣಲ್ಲಿ ನೀರೇ ಬಂದಿತ್ತು. ಅಂಥ ಯಂತ್ರವನ್ನು, ಅದರೊಳಗಿನ ಡಾಸನ್ನು ಯಾರಾದರೂ ಹೀಗಳೆದರೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಈಗಲೂ.

ಈ ಜಗಳದಲ್ಲಿ ನನಗೆ ಬೇರೆಯವರಿಗಿಲ್ಲದ ಒಂದು ಹಟವೂ ಇತ್ತು. ನನ್ನ ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾವ ಗಲ್ಫಿನಲ್ಲಿ. ಮೊದಲನೆಯ ಹೆರಿಗೆಯಲ್ಲಿ ಅವಳಿಗೆ ತುಂಬ ರಕ್ತ ಹೋಗಿ, ಮಗುವೂ ಉಳಿಯದೆ, ಅವಳು ಬದುಕಿದ್ದೇ ಹೆಚ್ಚಾಗಿತ್ತು. ಅವಳದು ಓ ನೆಗೆಟಿವ್ ರಕ್ತ. ಆ ಗುಂಪಿನವರಿಗೆ ಅದೇ ಗುಂಪಿನವರ ರಕ್ತ ಮಾತ್ರ ಆಗುತ್ತದೆ, ಮತ್ತು ಅಂಥವರು ಊರಲ್ಲಿ ಹುಡುಕಿದರೆ ಕೈಬೆರಳೆಣಿಕೆ. ನನ್ನದು ಎ ನೆಗೆಟಿವ್. ಒಡಹುಟ್ಟಿದವಳಾದರೂ ಅವಳಿಗೆ ಉಪಯೋಗವಿಲ್ಲದವಳು. ಈ ಸಲ ಬೇಕಾದ ಗಳಿಗೆಯಲ್ಲಿ ರಕ್ತ ಸಿಗಬೇಕಾದರೆ ರಕ್ತ ಕೊಡುವವರ ಪಟ್ಟಿ ಹೆರಿಗೆಗೆ ಮೊದಲು ಕಂಪ್ಯೂಟರಿಗೆ ಸೇರಲೇಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆ ಪಟ್ಟಿ ಆಗ ಇದ್ದದ್ದು ಐದು ರಟ್ಟಿನ ಪೆಟ್ಟಿಗೆಗಳಲ್ಲಿ, ಬೂಟಿನ ಅಂಗಡಿಯಿಂದ ತಂದ ಪೆಟ್ಟಿಗೆಗಳು. ಅವುಗಳ ಒಡತಿ ನಮ್ಮ ಬ್ಲಡ್ ಬ್ಯಾಂಕಿನ ಹಿರಿಯ ಟೆಕ್ನೀಷಿಯನ್. ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನಾವೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಆ ವರ್ಷದ ಕೊನೆಗೆ ಅವರ ನಿವೃತ್ತಿ. ಪೆಟ್ಟಿಗೆಗಳಲ್ಲಿ ಕಾರ್ಡುಗಳು ಅಕ್ಷರಮಾಲೆಯ ಕ್ರಮದಲ್ಲಿರಲಿಲ್ಲ, ರಕ್ತದ ಗುಂಪಿನ ಪ್ರಕಾರವೂ ಇರಲಿಲ್ಲ. ಬಸ್ಸಿನ ದಾರಿಯ ಪ್ರಕಾರ ಇದ್ದವು! ಒಂದು ಪಡೀಲ್ ದಾರಿಯದು, ಒಂದು ಕೊಟ್ಟಾರದ್ದು, ಒಂದು ಉಳ್ಳಾಲದ್ದು, ಹೀಗೆ. ಒಬ್ಬನದೇ ಕಾರ್ಡು ಎರಡು ಮೂರು ಪೆಟ್ಟಿಗೆಯಲ್ಲಿ ಇರುತ್ತಿತ್ತು. ಪ್ರತಿ ಕಾರ್ಡಿನ ಕೆಳಗೆ ಷರಾ ಎಂದು ಬರೆದು ಗೆರೆ ಎಳೆದು, ಅದರಡಿ ಇರುವೆಸಾಲಿನಂಥ ಅಕ್ಷರದಲ್ಲಿ ಏನೇನೋ ಗೀಚಿರುತ್ತಿದ್ದರು. ಮಳೆ ಶುರುವಾದಾಗ ಒಂದಿಷ್ಟು ಕಾರ್ಡು ಹಿಂದಿನಿಂದ ಮುಂದಕ್ಕೆ, ಮಳೆ ಮುಗಿದಾಗ ಮುಂದಿನಿಂದ ಹಿಂದಕ್ಕೆ ಹೋಗುತ್ತಿದ್ದವು. ಇದನ್ನೆಲ್ಲ ನೋಡಿದರೆ ನನಗೆ ತಲೆ ಕೆಡುತ್ತಿತ್ತು.

ಜಗಳದ ದೊಡ್ಡ ಪೈಲ್ವಾನರು ಇಬ್ಬರು. ಯುನಿಕ್ಸ್ ಕಡೆಗೆ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರು. ಡಾಸ್ ಕಡೆಗೆ ಆಸ್ಪತ್ರೆಯ ಮೇನೇಜರು. ಒಂದು ಕಾಲಕ್ಕೆ ಗದ್ದೆ ತೋಟ ಇದ್ದು ಆಮೇಲೆ ಹೋಟೆಲಿಗೆ ಇಳಿದ ಮನೆತನದವರು. ಡಾಕ್ಟರ ಮನೆಮಾತು ಕೊಂಕಣಿ, ಮೇನೇಜರದು ತುಳು. ತಮಾಷೆಗೆ ಅವರವರ ಭಾಷೆ ಸಾಕಿತ್ತು, ಜಗಳಕ್ಕೆ ಇಬ್ಬರೂ ಕನ್ನಡಕ್ಕೆ ಬರಬೇಕಾಗಿತ್ತು.

“ಅಡಿಗೆಕೋಣೆಗೆ ಒಬ್ಬ ಭಟ್ರು ಸಾಕು ಡಾಕ್ಟ್ರೇ” ಎನ್ನುತ್ತಿದ್ದರು ಮೇನೇಜರು. “ನಾಲ್ಕು ಜನ ಒಂದೇ ಬಾಣಲೆಗೆ ಕೈ ಹಾಕಿದ್ರೆ ಎಂತ ಆಗ್ತದೆ? ಡಾಸಿನಲ್ಲಿ ಒಂದು ಮೆಷಿನು, ಒಬ್ಬ ಮನುಷ್ಯ. ಕೆಟ್ರೆ ಯಾರು ಕೆಡಿಸಿದ್ದು ಅಂತ ಕೇಳ್ಲಿಕ್ಕಾದ್ರೂ ಆಗ್ತದೆ.”

“ಭಟ್ರು ಒಬ್ರೇ ಸರಿ ಮಾರಾಯ್ರೇ, ಊಟಕ್ಕೆ ಕೂತವರು ಎಷ್ಟು ಜನ?” ಎನ್ನುತ್ತಿದ್ದರು ಡಾಕ್ಟರು. “ಯುನಿಕ್ಸಿನಲ್ಲಿ ಒಂದು ಮೆಷಿನು, ನಾಲ್ಕು ಕಡೆ ಪರದೆ. ಕ್ಯಾಶುವಾಲ್ಟಿಯಲ್ಲೂ ನೋಡ್ಬಹುದು, ಬ್ಲಡ್ ಬ್ಯಾಂಕಲ್ಲೂ ನೋಡ್ಬಹುದು, ಒಂದೇ ಹೊತ್ತಿಗೆ.”

“ನಿಧಾನ ಆಗ್ತದೆ ಸರ್!” ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. ಯುನಿಕ್ಸನ್ನು ನಾನು ನೋಡಿಯೇ ಇರಲಿಲ್ಲ.

ನೋಡುವ ಯೋಗವೂ ಬಂತು. ಕೊಟ್ಟಾರದಲ್ಲಿ ಯುನಿಕ್ಸ್ ಮಾರುವ ಒಂದು ಕಚೇರಿಯವರು ಬಂದು ನೋಡಿ ಎಂದು ಕರೆದರು. ಡಾಕ್ಟರು, ಮೇನೇಜರು, ಬಾಯಮ್ಮ, ನಾನು, ನಾಲ್ವರೂ ಆಸ್ಪತ್ರೆಯ ಜೀಪಿನಲ್ಲಿ ಹೋದೆವು. ಅಲ್ಲಿಯೂ ಚಪ್ಪಲಿ ಹೊರಗೆ. ಡಾಕ್ಟರನ್ನು ಒಂದು ಕೋಣೆಯಲ್ಲಿ, ನನ್ನನ್ನು ಇನ್ನೊಂದರಲ್ಲಿ ಕೂರಿಸಿದರು. ನಾನು ಕೀಲಿಗಳನ್ನು ಮುಟ್ಟಿಯೇ ಇರಲಿಲ್ಲ, ನನ್ನ ಪರದೆಯ ಮೇಲೆ ತಾನಾಗಿ ಒಂದು ಸಾಲು ಮೂಡಿತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಡಾಸ್ ಪಕ್ಷದವರಿಗೆ ನಮಸ್ಕಾರ. ಗೋಡೆಯ ಆಚೆ ಡಾಕ್ಟರು ನಗುತ್ತಿರುವುದು ಕೇಳಿಸಿತು. ನಾನು ಬೆರಗಾಗಿ ಕೂತೆ. ಸಮುದ್ರ ನೋಡದವರನ್ನು ಮೊದಲ ಸಲ ಪಣಂಬೂರಿನ ದಂಡೆಯಲ್ಲಿ ನಿಲ್ಲಿಸಿದರೆ ಹೇಗಾದೀತೋ ಹಾಗಾಗಿತ್ತು ನನಗೆ. ಆದರೂ ಹೊರಗೆ ಬಂದು, “ಸ್ವಲ್ಪ ನಿಧಾನ ಅಲ್ವಾ?” ಎಂದೆ. ಸೋಲು ಒಪ್ಪುವ ಬುದ್ಧಿ ಆಗ ಇರಲಿಲ್ಲ.

ಬಾಯಮ್ಮ ಬಗ್ಗಿ ಮೇಜಿನಡಿಯ ವಯರು ಎಲ್ಲಿಗೆ ಹೋಗುತ್ತದೆಂದು ನೋಡಿದರು. ಮತ್ತೆ ಎದ್ದು ನಿಂತು ನನ್ನನ್ನು ಕೇಳಿದರು: “ಒಬ್ಬ ಮನುಷ್ಯನಿಗೆ ಎಷ್ಟು ಕಾರ್ಡು ಮಾಡ್ಲಿಕ್ಕೆ ಆಗ್ತದೆ ಮಗಾ ಇದ್ರಲ್ಲಿ?”

“ಒಂದೇ ಬಾಯಮ್ಮ. ಒಬ್ಬರಿಗೆ ಒಂದು. ಅದೇ ಅಲ್ವಾ ಕಂಪ್ಯೂಟರಿನ ಶಿಸ್ತು?”

“ಹೌದಾ” ಎಂದು ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಮೇನೇಜರು ಬಿಡಲಿಲ್ಲ. ಪರೀಕ್ಷೆಗೆಂದು ಒಂದು ಡಾಸ್ ಯಂತ್ರವನ್ನು ಎರಡು ತಿಂಗಳಿಗೆ ತರಿಸಿ ಮೇಲಂತಸ್ತಿನ ತಮ್ಮ ಕೋಣೆಯಲ್ಲಿ ಇರಿಸಿದರು. ನಾನು ಊಟದ ಹೊತ್ತಿನಲ್ಲಿ ಮೇಲೆ ಹೋಗಿ ಕಾರ್ಡುಗಳನ್ನು ಒಂದೊಂದಾಗಿ ಅದಕ್ಕೆ ಇಳಿಸತೊಡಗಿದೆ. ಎಂಥ ಉಮೇದು! ಹೆಸರು, ಗುಂಪು, ಮನೆಯ ವಿಳಾಸ, ಫೋನು. ಒಬ್ಬನದೇ ಮೂರು ಕಾರ್ಡು ಇದ್ದರೆ ಮನೆಯದೊಂದನ್ನು ಇಟ್ಟು ಉಳಿದೆರಡನ್ನು ಬಿಟ್ಟೆ. ಷರಾ ಎಂಬುದನ್ನು ಪೂರ್ತಿ ಕೈಬಿಟ್ಟೆ. ಪಟ್ಟಿ ಉಳಿಸಿಡುವ ಫ್ಲಾಪಿಯಲ್ಲಿ ಜಾಗ ದಂಡ. ಗುಂಪು ಕೇಳಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಅಕ್ಕನನ್ನು ಒಂದು ದಿನ ಕರೆದುಕೊಂಡು ಬಂದು ತೋರಿಸಿದೆ. ಓ ನೆಗೆಟಿವ್ ಎಂದು ಒತ್ತಿದೆ. ಐದು ಹೆಸರು. ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆ ಐದು ಸಾಲುಗಳನ್ನು ತುಂಬ ಹೊತ್ತು ನೋಡಿದಳು. “ಐದು ಜನ ಉಂಟು ಅಲ್ವಾ ಹಾಗಾದ್ರೆ” ಎಂದಳು. ಅವಳು ಅಷ್ಟು ನಿರಾಳವಾಗಿದ್ದುದನ್ನು ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ನಮ್ಮ ಆಸ್ಪತ್ರೆಯಲ್ಲೇ ಅವಳಿಗೆ ಹೆಣ್ಣು ಮಗು ಹುಟ್ಟಿತು. ಹೊರಗೆ ಧೋ ಎಂದು ಮಳೆ. ಮಗುವಿನ ಅಳು ಕೇಳಿ ಅಮ್ಮ ಕೈ ಮುಗಿದರು. ಹತ್ತು ನಿಮಿಷದಲ್ಲಿ ನರ್ಸ್ ಕೆಳಗೆ ನಮ್ಮ ಬ್ಲಡ್ ಬ್ಯಾಂಕಿಗೆ ಓಡಿ ಬಂದಳು, ರಕ್ತ ನಿಲ್ಲುತ್ತಿಲ್ಲ ಎಂದು. ಫ್ರಿಜ್ಜಿನಲ್ಲಿ ನಾನು ಕಾದಿರಿಸಿದ್ದ ಒಂದು ಬಾಟಲಿ ತಕ್ಷಣ ಹೋಯಿತು. ಇನ್ನೂ ಎರಡು ಬೇಕು, ಬೇಗ ಬೇಕು ಎಂದು ಹೇಳಿ ಕಳಿಸಿದರು.

ನಾನು ಮೇಲಂತಸ್ತಿಗೆ ಓಡಿದೆ. ಮೇನೇಜರು ಯಂತ್ರದ ಮುಂದೆ ಏನೋ ಪಟ್ಟಿ ಮಾಡುತ್ತ ಕೂತಿದ್ದರು. ನನ್ನ ಮುಖ ನೋಡಿ ಎದ್ದರು ಪಾಪ, ಆದರೆ ಅವರ ಕೆಲಸ ಉಳಿಸಿ, ಅವರ ಫ್ಲಾಪಿ ತೆಗೆದು, ನನ್ನದನ್ನು ಹಾಕಿ, ನನ್ನ ಪಟ್ಟಿ ತೆರೆಯುವಷ್ಟರಲ್ಲಿ ಐದು ನಿಮಿಷವೇ ಹೋಯಿತು. ಐದು ಹೆಸರು ಬಂದವು. ಮೊದಲನೆಯವರು ಹೋದ ತಿಂಗಳಷ್ಟೇ ರಕ್ತ ಕೊಟ್ಟವರು. ಎರಡನೆಯವರು ಬೊಂಬಾಯಿಗೆ ಹೋಗಿ ವರ್ಷವಾಯಿತೆಂದು ಪಕ್ಕದ ಮನೆಯವರು ಹೇಳಿದರು. ಮೂರನೆಯ ಫೋನು ಮಳೆಗೆ ಸತ್ತಿತ್ತು. ನಾಲ್ಕನೆಯವರು ಉಳ್ಳಾಲದ ಮೀನುಗಾರ, ಹತ್ತಿರದ ಅಂಗಡಿಯವರು, “ಮಳೆಗಾಲದಲ್ಲಿ ಅವ್ರು ಮನೇಲಿ ಎಲ್ಲಿ ಸಿಗ್ತಾರೆ?” ಎಂದರು. ಐದನೆಯವರು ಸಿಟಿ ಬಸ್ಸಿನ ಕಂಡಕ್ಟರ್, ಕೊಟ್ಟಾರದಲ್ಲಿ ಮನೆ, ಡ್ಯೂಟಿಗೆ ಹೋಗಿದ್ದಾರೆ. ಪರದೆಯ ಮೇಲೆ ಐದೂ ಹೆಸರು ಚಂದವಾಗಿ ಹೊಳೆಯುತ್ತಲೇ ಇದ್ದವು. ಒಬ್ಬರೂ ಇಲ್ಲ.

ಕೆಳಗೆ ಬಂದಾಗ ಬಾಯಮ್ಮ ಕಿವಿಗೆ ಫೋನು ಹಿಡಿದು ನಿಂತಿದ್ದರು. ಎದುರಿಗೆ ಪೆಟ್ಟಿಗೆಗಳು, ಕೈಯಲ್ಲಿ ಎರಡು ಕಾರ್ಡು. “ಐಸ್ ಪ್ಲಾಂಟಾ? ನಿಮ್ಮ ಪಕ್ಕದ ಬಲೆ ಶೆಡ್ಡಿನಿಂದ ಒಬ್ಬರನ್ನು ಕರೀಲಿಕ್ಕೆ ಉಂಟು” ಎನ್ನುತ್ತಿದ್ದರು. ಉಳ್ಳಾಲದ ಮೀನುಗಾರನ ಹೆಸರು ಹೇಳಿದರು. ಫೋನು ಇಟ್ಟು ಗೋಡೆಯ ಗಡಿಯಾರ ನೋಡಿದರು. ಜೀಪಿನ ಡ್ರೈವರನ್ನು ಕರೆದರು.

“ಕೊಟ್ಟಾರದ ಕಂಡಕ್ಟರನ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಹಂಪನಕಟ್ಟೆಗೆ ಬರ್ತದೆ. ಎದುರಿಗೆ ನಿಂತು ಕೈ ತೋರಿಸು. ಬಾಯಮ್ಮ ಕರೀತಾರೆ ಅಂತ ಹೇಳು, ಬೇರೆ ಎಂತ ಹೇಳೂದು ಬೇಡ.”

ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ. ಊರಿಡೀ ಮಳೆಯಲ್ಲಿ ಮುಳುಗಿರುವಾಗ ಈ ಹೆಂಗಸಿಗೆ ಯಾರು ಯಾವ ಗಳಿಗೆಯಲ್ಲಿ ಯಾವ ತಿರುವಿನಲ್ಲಿ ಇರುತ್ತಾರೆಂದು ಗೊತ್ತು!

ಕಂಡಕ್ಟರ್ ಮೊದಲು ಬಂದ. ಟಿಕೆಟಿನ ಚೀಲವನ್ನು ಬಸ್ಸಿನಲ್ಲೇ ಕ್ಲೀನರನಿಗೆ ಕೊಟ್ಟು ಬಂದಿದ್ದ, ಕುತ್ತಿಗೆಯ ಸೀಟಿ ತೆಗೆಯಲು ಮರೆತಿದ್ದ. ಮಲಗಿ ತೋಳು ಚಾಚಿದಾಗ ಆ ಸೀಟಿ ಅವನ ಎದೆಯ ಮೇಲೆ ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಅವನ ರಕ್ತ ತೆಗೆಯಲು ಹೊರಟ ನನ್ನ ಕೈಯಿಂದ ಬಾಯಮ್ಮ ಸೂಜಿಯನ್ನು ತಾವೇ ತೆಗೆದುಕೊಂಡರು. ಅದು ಮುಗಿಯುವಷ್ಟರಲ್ಲಿ ಒದ್ದೆ ಲುಂಗಿಯಲ್ಲಿ, ಬೆರಳ ಸಂದಿಯಲ್ಲಿ ನೈಲಾನ್ ದಾರದ ಚೂರು ಅಂಟಿಸಿಕೊಂಡೇ ಮೀನುಗಾರ ಬಂದ. ಹೊಂದಾಣಿಕೆಯ ಪರೀಕ್ಷೆ ಮುಗಿಸಿ ಎರಡೂ ಬಾಟಲಿ ಮೇಲೆ ಹೋದವು. ಐದು ಗಂಟೆಯ ಹೊತ್ತಿಗೆ ರಕ್ತ ನಿಂತಿತು. ಅಕ್ಕ ಬದುಕಿದಳು.

ನಾನು ಬಾಯಮ್ಮನ ಮೇಜಿನ ಹತ್ತಿರ ಹೋಗಿ ಆ ಮೀನುಗಾರನ ಕಾರ್ಡುಗಳನ್ನು ನೋಡಿದೆ. ಮೂರಿದ್ದವು. ಒಂದರ ಷರಾ: ದೋಣಿ ಕಡಲಿಗೆ ಇಳಿದ ಮೇಲೆ ಮನೆಗೆ ಶುಕ್ರವಾರ ಮಾತ್ರ. ಇನ್ನೊಂದರಲ್ಲಿ: ಮಳೆಗಾಲ ಪೂರ್ತಿ ಬಂದರಿನ ಧಕ್ಕೆಯಲ್ಲಿ ಬಲೆ ರಿಪೇರಿಯ ಶೆಡ್ಡು, ಪಕ್ಕದ ಐಸ್ ಪ್ಲಾಂಟಿನ ಫೋನು. ಮೂರನೆಯದು ಅವನ ತಾಯಿಮನೆಯದು: ಭೂತಕೋಲ ಇದ್ದರೆ ಇಲ್ಲಿ. ನಾನು ಒಬ್ಬ ಮನುಷ್ಯನಿಗೆ ಒಂದೇ ವಿಳಾಸ ಎಂದುಕೊಂಡು ಉಳಿದೆರಡನ್ನು ಕಸ ಎಂದು ಬಿಟ್ಟಿದ್ದೆ. ತಾಯಿಯ ಕಡೆಯಿಂದ ಮನೆತನ ಎಣಿಸುವವರು ನಾವು; ಅಮ್ಮನ ಅಣ್ಣತಮ್ಮಂದಿರಾದ ನನ್ನ ಮಾವಂದಿರು ವಾರವಿಡೀ ಹೆಂಡತಿಯ ಮನೆಯಲ್ಲಿದ್ದು, ಮನೆತನದ ಕೆಲಸವಿದ್ದಾಗ ನಮ್ಮಲ್ಲಿಗೆ ಬಂದು ಇರುವುದನ್ನು ಹುಟ್ಟಿದಂದಿನಿಂದ ನೋಡಿದ ನಾನೇ! ನಾಚಿಕೆಯಿಂದ ಬಾಯಮ್ಮನ ಮುಂದೆ ಅತ್ತುಬಿಟ್ಟೆ.

“ಅಳ್ಬೇಡ ಮಾರಾಯ್ತಿ” ಎಂದರು ಅವರು. “ನಿನ್ನ ಮೆಷಿನಿಗೆ ನಾನು ಇದನ್ನೆಲ್ಲ ಹೇಳ್ಬೇಕಿತ್ತು. ನಂಗೂ ಬಿಂಕ.”

ಮರುವಾರ ಕ್ಯಾಂಟೀನಿನಲ್ಲಿ ನಾನು ಎಲ್ಲರೆದುರು ಪಕ್ಷ ಬದಲಾಯಿಸಿದೆ. ಬಾಯಮ್ಮ ತಮ್ಮ ಮೇಜಿನಲ್ಲೇ ಕೂತು ಬರೆಯಬೇಕು, ಅದೇ ಗಳಿಗೆಯಲ್ಲಿ ಕ್ಯಾಶುವಾಲ್ಟಿಯವರು ಓದಬೇಕು, ಯಾರೂ ಯಾರನ್ನೂ ಕುರ್ಚಿಯಿಂದ ಎಬ್ಬಿಸಬಾರದು ಎಂದೆ. ಮೇನೇಜರು ಚಾದ ಗ್ಲಾಸು ಕೆಳಗಿಟ್ಟು, “ಆ ದಿನ ಫ್ಲಾಪಿ ಬದಲಾಯಿಸುವಾಗ ನಂಗೂ ಜೀವ ಹೋದ ಹಾಗೆ ಆಯ್ತು” ಎಂದರು. ಡಾಕ್ಟರು ಗೆದ್ದರೂ ಆ ದಿನ ನಗಲಿಲ್ಲ. ಎಕ್ಸ್-ರೇಯವರು ಮಾತ್ರ ಗೋಳಿಬಜೆ ಹಂಚಿದರು.

ಯುನಿಕ್ಸ್ ಬಂತು. ನಿವೃತ್ತಿಗೆ ಉಳಿದ ಮೂರು ತಿಂಗಳು ಬಾಯಮ್ಮ ಒಂದೇ ಬೆರಳಿನಿಂದ ತಮ್ಮ ಕಾರ್ಡುಗಳನ್ನು, ಷರಾ ಸಮೇತ, ತಾವೇ ಇಳಿಸಿದರು. ಒಬ್ಬರಿಗೆ ಎಷ್ಟು ಬೇಕಾದರೂ ವಿಳಾಸ ಬರೆಯುವಂತೆ ನಾನು ಮೊದಲೇ ಮಾಡಿಸಿದ್ದೆ. ಅವರ ಕೊನೆಯ ದಿನ ನನ್ನನ್ನು ಮೇಲಿನ ಕ್ಯಾಶುವಾಲ್ಟಿಗೆ ಕಳಿಸಿ, ಅಲ್ಲಿ ಎಲ್ಲ ಸರಿ ಕಾಣುತ್ತದಾ ನೋಡು ಎಂದರು. ನಾನು ಪಡೀಲ್ ದಾರಿಯನ್ನು ತೆರೆದೆ. ಎ ನೆಗೆಟಿವ್ ಎಂಬಲ್ಲಿ ನನ್ನದೇ ಹೆಸರು. ಬೆಳಿಗ್ಗೆ ಏಳೂವರೆವರೆಗೆ ಮನೆ, ಆಮೇಲೆ ಇಲ್ಲೇ, ಎಂದಿತ್ತು. ಷರಾ ಖಾಲಿ ಇತ್ತು. ನಾನು ನೋಡುತ್ತಿದ್ದ ಹಾಗೆ ಆ ಖಾಲಿ ಜಾಗದಲ್ಲಿ ಅಕ್ಷರಗಳು ಒಂದೊಂದಾಗಿ, ನಿಧಾನವಾಗಿ ಮೂಡತೊಡಗಿದವು. ಕೆಳಗೆ ತಮ್ಮ ಮೇಜಿನಲ್ಲಿ ಬಾಯಮ್ಮ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು.

ಜಗಳಗಂಟಿ. ಕರೆದರೆ ಬರುತ್ತಾಳೆ. ಇನ್ನು ಈ ಪಟ್ಟಿ ಇವಳದು.