ಕುಬುಸದ ಬಳೆ, ಕ್ಲಿನಿಕ್ಕಿನ ಕೈ

ನಮ್ಮ ಡೆಂಟಲ್ ಕಾಲೇಜಿನಲ್ಲಿ ಏನು ಉಡಬೇಕು, ಏನು ತೊಡಬಾರದು ಎಂಬುದನ್ನು ಮೊದಲ ದಿನವೇ ತಲೆಗೆ ತುಂಬಿದ್ದರು. ತರಗತಿಯಲ್ಲಿ ಸೀರೆಯೋ ಚೂಡಿದಾರವೋ, ಮೇಲೊಂದು ಬಿಳಿ ಕೋಟು ಇದ್ದರೆ ಸಾಕು. ಕ್ಲಿನಿಕ್ಕಿಗೆ ಕಾಲಿಟ್ಟರೆ ಮಾತ್ರ ಅರ್ಧ ತೋಳಿನ ಕೋಟು, ಎತ್ತಿ ಕಟ್ಟಿದ ಕೂದಲು. ಮೊಣಕೈಯಿಂದ ಕೆಳಗೆ ಉಂಗುರವಿಲ್ಲ, ಗಡಿಯಾರವಿಲ್ಲ, ಬಳೆಯಂತೂ ಇಲ್ಲವೇ ಇಲ್ಲ. ಬಳೆಯ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ, ಗಾಜು ಒಡೆದರೆ ರೋಗಿಯ ಬಾಯಿಗೇ ಬೀಳುತ್ತದೆ. ನಿಯಮ ಸರಿಯಾಗಿಯೇ ಇತ್ತು. ಕಷ್ಟವಿದ್ದುದೇ ಅಲ್ಲಿ. ತಪ್ಪಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಓದುತ್ತಿರುವಾಗಲೇ ಮದುವೆಯಾಗಿ ಮಸ್ಕಿಯ ತವರಿನಿಂದ ಸಿಂಧನೂರಿಗೆ ಸೊಸೆಯಾಗಿ ಬಂದೆ. ಅತ್ತೆ ಒಳ್ಳೆಯವರು, ಓದು ಬಿಡಿಸಲಿಲ್ಲ. ಆದರೆ ರಜೆಗೆ ಬಂದಾಗ ನನ್ನ ಕೋಟು ಒಗೆದರೆ ಹಿತ್ತಲಲ್ಲೇ ಒಣಗಬೇಕು, ಅಂಗಳದಲ್ಲಲ್ಲ.

"ಮುತ್ತೈದಿ ಆಗಿ ಬಿಳೀದು ಹಾಕ್ಕೊಂಡು ಬೋಳಗೈಲೆ ನಿಂತ್ರ, ನೋಡಿದವ್ರು ಏನಂತಾರವ್ವಾ?"

ಗಂಡ ಅವರ ಮಾತಿಗೂ ತಲೆಯಾಡಿಸುತ್ತಿದ್ದರು, ನನ್ನ ಮಾತಿಗೂ. ನಾನು ಕ್ಲಿನಿಕ್ಕಿನ ಬಾಗಿಲಲ್ಲಿ ಬಳೆ ಕಳಚಿ ಕೋಟಿನ ಜೇಬಿಗೆ ಹಾಕಿ, ಹೊರಬಂದೊಡನೆ ತೊಡುತ್ತ ಹೇಗೋ ದಿನ ದೂಡಿದೆ.

ಕೊನೆಯ ವರ್ಷದ ಪರೀಕ್ಷೆ ಹತ್ತಿರವಿದ್ದಾಗ ನನಗೆ ಏಳು ತಿಂಗಳು. ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬುಸ, ಮಾಡಿದರು. ಹಸಿರು ಸೀರೆ ಉಡಿಸಿ, ಬಳೆಗಾರನನ್ನು ಕೂರಿಸಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದರು.

"ಸಡಲ ಹಾಕಬ್ಯಾಡಪಾ, ಕಳಚಿ ಇಟ್ಟಾಳು," ಎಂದು ಅತ್ತೆ ಬಳೆಗಾರನಿಗೆ ಹೇಳಿ ನನ್ನ ಕಡೆ ತಿರುಗಿದರು. "ಹಡಿಯೋಮಟ ಇವನ್ನ ತಗೀಬ್ಯಾಡ. ಕೂಸಿಗೆ ಇವಽ ಕಾವಲು."

ಕ್ಲಿನಿಕ್ಕಿನಲ್ಲಿ ನಡೆಯುವ ಪ್ರಾಯೋಗಿಕ ಪರೀಕ್ಷೆಯ ದಿನ ಕೈ ಊದಿಕೊಂಡಿತ್ತು. ಸೋಪು ಹಚ್ಚಿ ಜಗ್ಗಿದೆ, ಎಣ್ಣೆ ಸವರಿ ಜಗ್ಗಿದೆ. ಚರ್ಮ ಕೆಂಪಾಯಿತೇ ಹೊರತು ಒಂದು ಬಳೆಯೂ ಜಾರಲಿಲ್ಲ. ಪರೀಕ್ಷಕರು ನನ್ನ ಮುಂಗೈ ನೋಡಿ, "ತೆಗೆದು ಬನ್ನಿ. ಆಗದಿದ್ದರೆ ಮುಂದಿನ ಸಲ ಪರೀಕ್ಷೆಗೆ ಕೂರಿ" ಎಂದರು. ಮುಂದಿನ ಸಲವೆಂದರೆ ಕಂಕುಳಲ್ಲಿ ಕೂಸು. ಆಮೇಲೆ ನನ್ನನ್ನು ಕಾಲೇಜಿಗೆ ಯಾರು ಕಳಿಸುತ್ತಾರೆ? ಡಾಕ್ಟರಾಗುವ ದಾರಿ ಅಲ್ಲಿಗೇ ಮುಚ್ಚಿದಂತೆ.

ಒಡೆಯುವುದೊಂದೇ ಉಳಿದಿತ್ತು. ನಮ್ಮ ಕಡೆ ಹೆಣ್ಣಿನ ಕೈಬಳೆ ಒಡೆಯುವುದು ಗಂಡ ಸತ್ತಾಗ, ಅದೂ ಬೇರೆಯವರು ಹಿಡಿದು ಒಡೆಯುತ್ತಾರೆ. ನಾನು ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು, ಗಾಯವಾಗದಂತೆ ಬಟ್ಟೆ ಸುತ್ತಿ, ನನ್ನ ಕೈಯಾರೆ ಒಡೆದುಕೊಂಡೆ. ಭಯವಾಯಿತು. ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು. ಹೊಟ್ಟೆಯೊಳಗೆ ಮಗು ಒಮ್ಮೆ ಒದೆಯಿತು. ಮುಖ ತೊಳೆದುಕೊಂಡು ಒಳಗೆ ಹೋಗಿ ರೋಗಿಯ ಹಲ್ಲು ಕಿತ್ತೆ.

ಊರಿಗೆ ಹೋದಾಗ ಅತ್ತೆ ನನ್ನ ಕೈ ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬಳೆಗಾರನನ್ನು ಮತ್ತೆ ಕರೆಸಿದರು, ಅಷ್ಟೇ.

ಪಾಸಾದೆ. ಮಗಳು ಗುಂಡಗೆ ಹುಟ್ಟಿದಳು. ಲಿಂಗಸುಗೂರಿನಲ್ಲಿ ಕ್ಲಿನಿಕ್ ತೆರೆದೆ. ಅತ್ತೆ ಮೊಮ್ಮಗಳನ್ನು ನೋಡಿಕೊಳ್ಳಲು ಜೊತೆಗೇ ಬಂದರು. ಆದರೆ ಮಗುವಿಗೆ ಜ್ವರ ಬಂದಾಗಲೆಲ್ಲ ಅವರು ಮೊದಲು ನೋಡುತ್ತಿದ್ದುದು ನನ್ನ ಮುಂಗೈ, ಆಮೇಲೆ ಮಗುವಿನ ಹಣೆ. ಥರ್ಮಾಮೀಟರ್ ಹಿಡಿದು ನಿಂತ ಡಾಕ್ಟರು ನಾನು. ನಾನೂ ಮೊದಲು ನನ್ನ ಮುಂಗೈಯನ್ನೇ ನೋಡುತ್ತಿದ್ದೆ.